ಜೇನು, ಕಣಜ ಕುಟುಕಿದಾಗ: ಮೊದಲ ಹದಿನೈದು ನಿಮಿಷ

ಜೇನುನೊಣವೋ ಕಣಜವೋ ಒಮ್ಮೆಯೂ ಕಚ್ಚಿಸಿಕೊಳ್ಳದವರು ನಮ್ಮಲ್ಲಿ ಅಪರೂಪ. ಬೇಲಿ ಸವರುವಾಗ, ಮನೆಗೆ ಹಂಚು ಹೊದಿಸುವಾಗ, ಮಕ್ಕಳು ಪೇರಲೆ ಮರ ಹತ್ತಿದಾಗ, ಕಿಟಕಿಯ ಸಜ್ಜಾದಡಿ ಕಟ್ಟಿದ್ದ ಗೂಡಿಗೆ ಪೊರಕೆಯ ತುದಿ ತಾಗಿದಾಗ ಈ ಪ್ರಸಂಗ ಎದುರಾಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಒಂದಿಷ್ಟು ಉರಿ, ಒಂದಿಷ್ಟು ಊತ. ಮರುದಿನಕ್ಕೆ ಎಲ್ಲ ಮರೆತುಹೋಗುತ್ತದೆ. ಹೀಗಾಗಿಯೇ 'ಒಂದು ಹುಳು ಕಚ್ಚಿದರೆ ಏನು ಮಹಾ?' ಎಂಬ ಉದಾಸೀನ ಬೆಳೆದುಬಂದಿದೆ.

ಆದರೆ ಇದೇ ಒಂದು ಕುಟುಕು ಕೆಲವರಿಗೆ ನಿಮಿಷಗಳೊಳಗೆ ಪ್ರಾಣಾಂತಿಕವಾಗಬಲ್ಲದು. ಹಾವು ಕಚ್ಚಿದರೆ ಊರೇ ಎದ್ದು ಗಾಡಿ ಕಟ್ಟುತ್ತದೆ. ಕಣಜ ಕಚ್ಚಿದರೆ ಸುಣ್ಣ ಹಚ್ಚಿ ಮಲಗಿಸುತ್ತಾರೆ. ಯಾವುದಕ್ಕೆ ಮನೆಯ ಆರೈಕೆ ಸಾಕು, ಯಾವುದಕ್ಕೆ ತಕ್ಷಣ ಆಸ್ಪತ್ರೆಗೆ ಓಡಬೇಕು ಎಂಬ ವಿವೇಚನೆ ಮನೆಯ ಪ್ರತಿಯೊಬ್ಬ ಹಿರಿಯರಿಗೂ ಇರಬೇಕು. ಅದನ್ನು ತಿಳಿಸುವುದೇ ಈ ವಾರದ ಲೇಖನದ ಉದ್ದೇಶ.

ಕುಟುಕುವವರು ಯಾರು?

ನಾವು 'ಜೇನು ಕಚ್ಚಿತು' ಎನ್ನುತ್ತೇವೆ. ನಿಜವಾಗಿ ಅದು ಬಾಯಿಯಿಂದ ಕಚ್ಚುವುದಿಲ್ಲ, ಬಾಲದ ತುದಿಯ ಮುಳ್ಳಿನಿಂದ ಚುಚ್ಚಿ ವಿಷವನ್ನು ಒಳಸೇರಿಸುತ್ತದೆ. ಈ ಮುಳ್ಳು ಮೊಟ್ಟೆಯಿಡುವ ಅಂಗದ ರೂಪಾಂತರ. ಆದ್ದರಿಂದ ಕುಟುಕಬಲ್ಲವು ಹೆಣ್ಣು ಹುಳುಗಳು ಮಾತ್ರ.

ನಮ್ಮ ನಾಡಿನ ಜೇನುಗಳಲ್ಲಿ ಹೆಜ್ಜೇನು ಅತ್ಯಂತ ಉಗ್ರ. ಎತ್ತರದ ಮರ, ಬಂಡೆ, ನೀರಿನ ಟ್ಯಾಂಕು, ದೇವಸ್ಥಾನದ ಗೋಪುರ, ಈಚೆಗೆ ನಗರಗಳ ಬಹುಮಹಡಿ ಕಟ್ಟಡಗಳಲ್ಲೂ ಅದು ತಟ್ಟಿ ಕಟ್ಟುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಮತ್ತು ಪೊದೆಗಳಲ್ಲಿ ಕಾಣುವ ಕೋಲುಜೇನು ಅಷ್ಟು ಸಿಟ್ಟಿನವಲ್ಲ. ಮಿಸರಿ ಜೇನಿಗೆ ಕುಟುಕಲು ಬರುವುದೇ ಇಲ್ಲ.

ಜೇನುನೊಣದ ಮುಳ್ಳಿಗೆ ಗಾಳದಂತಹ ಕೊಕ್ಕೆಗಳಿವೆ. ಚುಚ್ಚಿದ ಮೇಲೆ ಅದನ್ನು ಹಿಂದಕ್ಕೆಳೆಯಲಾಗದೆ ಮುಳ್ಳು ವಿಷದ ಚೀಲದೊಂದಿಗೆ ಚರ್ಮದಲ್ಲೇ ಉಳಿಯುತ್ತದೆ, ನೊಣ ಸಾಯುತ್ತದೆ. ಕಣಜದ ಮುಳ್ಳು ನಯವಾದದ್ದು. ಅದು ಒಂದೇ ಸಮನೆ ಹಲವು ಬಾರಿ ಕುಟುಕಬಲ್ಲದು. ಚರ್ಮದಲ್ಲಿ ಮುಳ್ಳು ಉಳಿದಿದ್ದರೆ ಕಚ್ಚಿದ್ದು ಜೇನು, ಉಳಿದಿಲ್ಲದಿದ್ದರೆ ಬಹುಶಃ ಕಣಜ ಎಂದು ಊಹಿಸಬಹುದು. ವೈದ್ಯರಿಗೆ ಈ ವಿವರ ಹೇಳಿದರೆ ಮುಂದಿನ ಚಿಕಿತ್ಸೆಗೆ ಸಹಾಯವಾಗುತ್ತದೆ.

ಇರುವೆಗಳೂ ಇದೇ ಕುಲಕ್ಕೆ ಸೇರಿದವು. ಮಲೆನಾಡಿನವರಿಗೆ ಪರಿಚಿತವಾದ ಚಗಳಿ ಕುಟುಕುವುದಿಲ್ಲ, ಕಚ್ಚಿ ಗಾಯಕ್ಕೆ ಆಮ್ಲ ಸಿಂಪಡಿಸುತ್ತದೆ. ಆದರೆ ಮರಗಳ ಮೇಲಿರುವ ಕೆಲವು ಜಾತಿಯ ಇರುವೆಗಳ ಕುಟುಕಿನಿಂದಲೂ ತೀವ್ರ ಅಲರ್ಜಿ ಆಗುವುದುಂಟು.

ಮೂರು ಬಗೆಯ ಪ್ರತಿಕ್ರಿಯೆ

ಕುಟುಕಿನ ನಂತರ ದೇಹದಲ್ಲಿ ಆಗುವ ಬದಲಾವಣೆಗಳನ್ನು ಮೂರು ಗುಂಪಾಗಿ ನೋಡಿದರೆ ಗೊಂದಲವಿರುವುದಿಲ್ಲ.

ಮೊದಲನೆಯದು, ಕುಟುಕಿದ ಜಾಗಕ್ಕೆ ಸೀಮಿತವಾದದ್ದು. ಜೇನಿನ ವಿಷದ ಒಣತೂಕದ ಸುಮಾರು ಅರ್ಧದಷ್ಟು ಮೆಲಿಟಿನ್ ಎಂಬ ವಸ್ತು. ಉರಿ, ನೋವು ಮುಖ್ಯವಾಗಿ ಅದರಿಂದ. ಚರ್ಮ ಕೆಂಪಾಗಿ ಊದಿಕೊಂಡು ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಕೆಲವರಲ್ಲಿ ಈ ಊತ ಬಹಳ ದೊಡ್ಡದಾಗುತ್ತದೆ. ಬೆರಳಿಗೆ ಕುಟುಕಿದರೆ ಮೊಣಕೈವರೆಗೆ ಬಾವು, ಹಣೆಗೆ ಕುಟುಕಿದರೆ ಎರಡೂ ಕಣ್ಣು ಮುಚ್ಚುವಷ್ಟು ಬಾವು. ಇದು ಒಂದೆರಡು ದಿನ ಏರುತ್ತಾ ಹೋಗಿ, ಪೂರ್ತಿ ಇಳಿಯಲು ಐದರಿಂದ ಹತ್ತು ದಿನ ಹಿಡಿಯಬಹುದು. ನೋಡಲು ಗಾಬರಿಯಾದರೂ ಇದರಿಂದ ಜೀವಕ್ಕೆ ಅಪಾಯವಿಲ್ಲ. ಮರುದಿನವೇ ಕೆಂಪಗೆ ಬಾತುಕೊಂಡಿದೆ ಎಂದು ಕೀವಾಗಿದೆಯೆಂದು ಭಾವಿಸಿ ಆ್ಯಂಟಿಬಯಾಟಿಕ್ ಮಾತ್ರೆ ಕೊಳ್ಳುವುದು ಅನಗತ್ಯ. ಮೂರು ನಾಲ್ಕು ದಿನಗಳ ನಂತರ ನೋವು ಹೆಚ್ಚಿ, ಜ್ವರ ಬಂದು, ಕೀವು ಕಂಡರೆ ಮಾತ್ರ ಸೋಂಕನ್ನು ಶಂಕಿಸಬೇಕು.

ಎರಡನೆಯದು, ಇಡೀ ದೇಹವನ್ನು ಆವರಿಸುವ ಅಲರ್ಜಿ. ವೈದ್ಯರು ಇದನ್ನು ಅನಫೈಲ್ಯಾಕ್ಸಿಸ್ ಎನ್ನುತ್ತಾರೆ. ಇದಕ್ಕೆ ಹತ್ತಾರು ಕುಟುಕು ಬೇಡ, ಒಂದೇ ಸಾಕು.

ಮೂರನೆಯದು, ಹೆಜ್ಜೇನಿನ ಹಿಂಡು ದಾಳಿ ಮಾಡಿದಾಗ ಆಗುವ ವಿಷಬಾಧೆ. ಇದಕ್ಕೆ ಅಲರ್ಜಿ ಇರಬೇಕೆಂದಿಲ್ಲ. ವಿಷದ ಪ್ರಮಾಣವೇ ಇಲ್ಲಿ ಶತ್ರು.

ಒಂದೇ ಕುಟುಕು ಕೊಲ್ಲುವುದು ಹೇಗೆ?

ಅಲರ್ಜಿ ಎಂದರೆ ದೇಹದ ಕಾವಲುಗಾರನ ಅತಿಯಾದ ಉತ್ಸಾಹ. ಮೊದಲ ಸಲ ಕುಟುಕಿದಾಗ ಕೆಲವರ ದೇಹ ಆ ವಿಷದ ವಿರುದ್ಧ ಇಮ್ಯುನೊಗ್ಲಾಬ್ಯುಲಿನ್-ಇ ಎಂಬ ಪ್ರತಿಕಾಯಗಳನ್ನು ತಯಾರಿಸಿಟ್ಟುಕೊಳ್ಳುತ್ತದೆ. ಆಗ ಹೊರಗೆ ಏನೂ ಕಾಣಿಸದು. ಮುಂದೆ ಎಂದೋ ಮತ್ತೆ ಕುಟುಕಿದಾಗ ಈ ಪ್ರತಿಕಾಯಗಳು ಎಚ್ಚೆತ್ತು, ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಒಮ್ಮೆಲೇ ರಕ್ತಕ್ಕೆ ಸುರಿಯುತ್ತವೆ. ರಕ್ತನಾಳಗಳು ಸಡಿಲಗೊಂಡು ಸೋರತೊಡಗುತ್ತವೆ, ರಕ್ತದೊತ್ತಡ ಕುಸಿಯುತ್ತದೆ. ಶ್ವಾಸನಾಳಗಳು ಬಿಗಿಯುತ್ತವೆ, ಗಂಟಲು ಊದಿಕೊಳ್ಳುತ್ತದೆ. ಆದ್ದರಿಂದ 'ನನಗೆ ಮುಂಚೆಯೂ ಕಚ್ಚಿತ್ತು, ಏನೂ ಆಗಿರಲಿಲ್ಲ' ಎಂಬುದು ಧೈರ್ಯಕ್ಕೆ ಆಧಾರವಾಗಲಾರದು.

ಫ್ರಾನ್ಸಿನ ಚಾರ್ಲ್ಸ್ ರಿಷೆ ಮತ್ತು ಪಾಲ್ ಪೋರ್ಟಿಯೆ ಈ ವಿಚಿತ್ರವನ್ನು ಗುರುತಿಸಿ ಅದಕ್ಕೆ ಹೆಸರಿಟ್ಟದ್ದು 1902ರಲ್ಲಿ. ಸಮುದ್ರಜೀವಿಯೊಂದರ ವಿಷದ ಮೊದಲ ಚುಚ್ಚುಮದ್ದನ್ನು ತಾಳಿಕೊಂಡ ನಾಯಿ, ಕೆಲವು ವಾರಗಳ ನಂತರ ಅದರ ಅಲ್ಪ ಪ್ರಮಾಣಕ್ಕೇ ನಿಮಿಷಗಳಲ್ಲಿ ಸತ್ತುಹೋಯಿತು. ಎರಡನೆಯ ಸಲ ರಕ್ಷಣೆ ಸಿಗಬೇಕಾದಲ್ಲಿ ಸಾವು ಬಂದಿತ್ತು. ರಿಷೆಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಗುರುತಿಸುವುದು ಹೇಗೆ?

ಕುಟುಕಿದ ಜಾಗದಿಂದ ದೂರದಲ್ಲಿ ಏನಾದರೂ ಆಗುತ್ತಿದೆಯೇ ಎಂದು ನೋಡಿ. ಇದೇ ಮುಖ್ಯ ಸೂತ್ರ. ಕಾಲಿಗೆ ಕುಟುಕಿ ಕಾಲು ಊದಿದರೆ ಅದು ಸಹಜ. ಕಾಲಿಗೆ ಕುಟುಕಿ ತುಟಿ ಊದಿದರೆ ಅದು ಅಪಾಯದ ಗಂಟೆ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಒಂದೆರಡು ಗಂಟೆಯೊಳಗೆ ಈ ಲಕ್ಷಣಗಳು ತಲೆದೋರುತ್ತವೆ:

* ಅಂಗೈ, ಅಂಗಾಲು, ನೆತ್ತಿಯಲ್ಲಿ ನವೆ. ಮೈತುಂಬ ಪಿತ್ತದ ಗಂಧೆ
* ತುಟಿ, ನಾಲಿಗೆ, ಕಣ್ಣಿನ ರೆಪ್ಪೆಗಳ ಊತ
* ಗಂಟಲು ಬಿಗಿದಂತಾಗುವುದು, ಧ್ವನಿ ಗೊಗ್ಗರಾಗುವುದು, ನುಂಗಲು ಕಷ್ಟ
* ಉಬ್ಬಸ, ಕೆಮ್ಮು, ಎದೆ ಬಿಗಿತ
* ಹೊಟ್ಟೆ ಹಿಂಡಿದಂತೆ ನೋವು, ವಾಂತಿ, ಭೇದಿ
* ತಲೆಸುತ್ತು, ಕಣ್ಣುಕತ್ತಲೆ, ತಣ್ಣನೆಯ ಬೆವರು, ಪ್ರಜ್ಞೆ ತಪ್ಪುವುದು

ಮಕ್ಕಳಲ್ಲಿ ಕೆಲವೊಮ್ಮೆ ಮೈಮೇಲೆ ಗಂಧೆಗಳೆದ್ದು ಅಷ್ಟಕ್ಕೇ ನಿಲ್ಲುವುದುಂಟು. ಆದರೂ ಮೊದಲೇ ಹೇಳಲಾಗದ್ದರಿಂದ ಆಸ್ಪತ್ರೆಗೆ ಒಯ್ಯುವುದೇ ಕ್ಷೇಮ. ಉಸಿರಾಟದ ತೊಂದರೆ, ಗಂಟಲ ಬಿಗಿತ, ತಲೆಸುತ್ತು ಇವುಗಳಲ್ಲಿ ಒಂದಿದ್ದರೂ ಅದು ತುರ್ತುಸ್ಥಿತಿ.

ಕೆಲವು ವರ್ಷಗಳ ಹಿಂದೆ ಅಡಿಕೆ ತೋಟದ ಕೆಲಸಗಾರರೊಬ್ಬರನ್ನು ನಮ್ಮಲ್ಲಿಗೆ ಕರೆತಂದರು. ಕತ್ತಿನ ಹಿಂಭಾಗಕ್ಕೆ ಒಂದೇ ಒಂದು ಕಣಜ ಕುಟುಕಿತ್ತು. ಹತ್ತು ನಿಮಿಷದಲ್ಲಿ ಹೊಟ್ಟೆ ತೊಳಸಿ ವಾಂತಿಯಾಗಿ, 'ಕಣ್ಣು ಕಾಣಿಸುತ್ತಿಲ್ಲ' ಎನ್ನುತ್ತಾ ಕುಸಿದಿದ್ದರು. ಮೈಮೇಲೆ ಒಂದು ಗಂಧೆಯೂ ಇರಲಿಲ್ಲ. ಬಿಸಿಲಿಗೆ ಪಿತ್ತವೇರಿದೆ ಎಂದು ಜೊತೆಯವರು ನಿಂಬೆರಸ ಕುಡಿಸಲು ನೋಡಿದ್ದರು. ಅದೃಷ್ಟಕ್ಕೆ ಆಟೋ ಸಮೀಪದಲ್ಲಿತ್ತು. ಬಂದಾಗ ನಾಡಿ ಕೈಗೆ ಸಿಗುತ್ತಿರಲಿಲ್ಲ. ತೊಡೆಗೆ ಅಡ್ರಿನಲಿನ್ ಚುಚ್ಚಿ, ಕಾಲೆತ್ತಿ ಮಲಗಿಸಿ, ಸಲೈನ್ ಹರಿಸಿದೆವು. ಐದು ನಿಮಿಷದ ಬಳಿಕ ಇನ್ನೊಮ್ಮೆ ಚುಚ್ಚಬೇಕಾಯಿತು. ಆಮೇಲೆ ಅವರು ಕಣ್ಣು ಬಿಟ್ಟು ಮಾತಾಡಿದರು. ವಿಚಾರಿಸಿದಾಗ ತಿಳಿದದ್ದು: ಹಿಂದಿನ ವರ್ಷವೂ ಕಣಜ ಕುಟುಕಿ ಮೈಯೆಲ್ಲ ನವೆಯೆದ್ದಿತ್ತು, ತಾನಾಗಿಯೇ ಇಳಿದಿದ್ದರಿಂದ ಯಾರಿಗೂ ಹೇಳಿರಲಿಲ್ಲ.

ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಗಂಧೆ ಇಲ್ಲದೆಯೂ ತೀವ್ರ ಅಲರ್ಜಿ ಆಗಬಹುದು. ಮತ್ತು ಒಮ್ಮೆ ಮೈಯೆಲ್ಲ ಪ್ರತಿಕ್ರಿಯೆ ತೋರಿದ್ದರೆ ಅದು ಮುಂದಿನ ಅಪಾಯದ ಮುನ್ಸೂಚನೆ.

ಮದ್ದು ಯಾವುದು?

ಅನಫೈಲ್ಯಾಕ್ಸಿಸ್‌ಗೆ ಮೊದಲ ಮದ್ದು ಅಡ್ರಿನಲಿನ್. ಅದು ರಕ್ತನಾಳಗಳನ್ನು ಬಿಗಿಗೊಳಿಸಿ ಒತ್ತಡವನ್ನು ಮೇಲೆತ್ತುತ್ತದೆ, ಶ್ವಾಸನಾಳಗಳನ್ನು ತೆರೆಯುತ್ತದೆ, ಗಂಟಲಿನ ಊತ ಇಳಿಸುತ್ತದೆ. ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚಬೇಕು. ದೇಹತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ, ವಯಸ್ಕರಿಗೆ ಗರಿಷ್ಠ 0.5 ಮಿಲಿಗ್ರಾಂ. ಅವಶ್ಯವಿದ್ದರೆ ಐದರಿಂದ ಹದಿನೈದು ನಿಮಿಷಕ್ಕೊಮ್ಮೆ ಮತ್ತೆ ಕೊಡುತ್ತಾರೆ. 'ಹೃದಯಕ್ಕೆ ತೊಂದರೆಯಾದೀತು' ಎಂದು ಬಂಧುಗಳು ಹಿಂಜರಿಯುವುದುಂಟು. ಸ್ನಾಯುವಿಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಸ್ವಲ್ಪ ಹೊತ್ತು ಎದೆ ಡವಗುಟ್ಟಬಹುದು, ಕೈ ನಡುಗಬಹುದು, ಅಷ್ಟೇ. ಕೊಡದಿರುವುದರ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು.

ಸೆಟಿರಿಝಿನ್‌ನಂತಹ ಆ್ಯಂಟಿಹಿಸ್ಟಮಿನ್ ಮಾತ್ರೆ ನವೆ, ಗಂಧೆಗೆ ಒಳ್ಳೆಯದೇ. ಆದರೆ ಅದು ಕುಸಿದ ರಕ್ತದೊತ್ತಡವನ್ನಾಗಲಿ, ಊದಿದ ಗಂಟಲನ್ನಾಗಲಿ ಸರಿಪಡಿಸದು. ಸ್ಟಿರಾಯ್ಡ್ ಚುಚ್ಚುಮದ್ದು ಕೆಲಸ ಆರಂಭಿಸಲು ಗಂಟೆಗಳೇ ಬೇಕು. ಇವೆರಡೂ ಅಡ್ರಿನಲಿನ್ ಆದ ಮೇಲಿನ ಮಾತು. 'ಮಾತ್ರೆ ನುಂಗಿ ನೋಡೋಣ' ಎಂದು ಕಾಯುತ್ತಾ ಕುಳಿತರೆ ಅಮೂಲ್ಯ ಸಮಯ ಹೋಗುತ್ತದೆ. ಕುಟುಕಿನಿಂದ ಸಾವು ಸಂಭವಿಸಿದ ಪ್ರಕರಣಗಳಲ್ಲಿ ಅನೇಕವೇಳೆ ಹೃದಯ ನಿಂತದ್ದು ಮೊದಲ ಹದಿನೈದು ನಿಮಿಷಗಳ ಆಸುಪಾಸಿನಲ್ಲಿ.

ಅಡ್ರಿನಲಿನ್ ದುಬಾರಿ ಔಷಧವಲ್ಲ, ಅಪರೂಪದ್ದೂ ಅಲ್ಲ. ಮಕ್ಕಳಿಗೆ ಲಸಿಕೆ ಹಾಕುವ ಆರೋಗ್ಯ ಕೇಂದ್ರಗಳಲ್ಲಿ ಅದನ್ನು ಸಿದ್ಧವಾಗಿಟ್ಟಿರಬೇಕೆಂಬ ನಿಯಮವಿದೆ. ಆದ್ದರಿಂದ ದೂರದ ದೊಡ್ಡ ಆಸ್ಪತ್ರೆಯೇ ಬೇಕೆಂದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ದಾಟಿ ಹೋಗಬೇಡಿ. ಮೊದಲ ಚುಚ್ಚುಮದ್ದು ಅಲ್ಲಿ ಆಗಲಿ, ಮುಂದಿನ ಪಯಣ ಆಮೇಲೆ.

ಆಸ್ಪತ್ರೆ ತಲಪುವವರೆಗೆ

1. ಒಬ್ಬರು 108ಕ್ಕೆ ಫೋನ್ ಮಾಡಲಿ ಅಥವಾ ಸಿಕ್ಕ ವಾಹನ ಗೊತ್ತುಮಾಡಲಿ. ರೋಗಿಯನ್ನು ಒಂಟಿಯಾಗಿ ಬಿಡಬೇಡಿ.

2. ಅಂಗಾತ ಮಲಗಿಸಿ, ಕಾಲುಗಳನ್ನು ದಿಂಬಿನ ಮೇಲಿಟ್ಟು ಎತ್ತರಿಸಿ. ತಲೆಸುತ್ತುತ್ತಿರುವವರನ್ನು ಎಬ್ಬಿಸಿ ನಿಲ್ಲಿಸುವುದು, ವಾಹನದವರೆಗೆ ನಡೆಸುವುದು ಕೂಡದು. ಹಾಗೆ ಎದ್ದು ನಿಂತಾಗಲೇ ಹೃದಯ ನಿಂತ ಉದಾಹರಣೆಗಳಿವೆ. ಎತ್ತಿಕೊಂಡೇ ಒಯ್ಯಿರಿ.

3. ಉಬ್ಬಸವೇ ಮುಖ್ಯ ತೊಂದರೆಯಾಗಿದ್ದರೆ ಕಾಲು ಚಾಚಿ ಒರಗಿ ಕೂರಲು ಬಿಡಿ. ವಾಂತಿ ಮಾಡುವವರನ್ನು ಪಕ್ಕಕ್ಕೆ, ಗರ್ಭಿಣಿಯರನ್ನು ಎಡಮಗ್ಗುಲಿಗೆ ಮಲಗಿಸಿ.

4. ಕುಡಿಯಲು ತಿನ್ನಲು ಏನನ್ನೂ ಕೊಡಬೇಡಿ.

5. ಪ್ರಜ್ಞೆ ತಪ್ಪಿ ಉಸಿರು ನಿಂತರೆ ಎದೆಯ ಮಧ್ಯೆ ಎರಡೂ ಅಂಗೈಗಳಿಂದ, ನಿಮಿಷಕ್ಕೆ 100ರಿಂದ 120 ಬಾರಿ, ಬಲವಾಗಿ ಒತ್ತುತ್ತಿರಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ.

ಚೇತರಿಸಿಕೊಂಡ ತಕ್ಷಣ 'ಈಗ ಆರಾಮಾಗಿದೆ' ಎಂದು ಮನೆಗೆ ಹೊರಡುವ ಆತುರ ಬೇಡ. ಕೆಲವರಲ್ಲಿ ಗಂಟೆಗಳ ನಂತರ ಲಕ್ಷಣಗಳು ಮರುಕಳಿಸುತ್ತವೆ. ವೈದ್ಯರು ಹೇಳಿದಷ್ಟು ಹೊತ್ತು ಆಸ್ಪತ್ರೆಯಲ್ಲೇ ಇರಿ.

ಸಾಮಾನ್ಯ ಕುಟುಕಿಗೆ ಮನೆಯ ಆರೈಕೆ

ಜೇನಿನ ಮುಳ್ಳು ಉಳಿದಿದ್ದರೆ ತಕ್ಷಣ ತೆಗೆಯಿರಿ. ಚೀಲದಲ್ಲಿರುವ ವಿಷದ ಬಹುಭಾಗ ಒಂದು ನಿಮಿಷದೊಳಗೆ ದೇಹ ಸೇರುತ್ತದೆ. ಹಿಂಡಬಾರದು, ಚಾಕುವಿನ ಬೆನ್ನಿನಿಂದ ಹೆರೆದೇ ತೆಗೆಯಬೇಕು ಎಂದು ಹಿಂದೆ ಹೇಳುತ್ತಿದ್ದರು. ತೆಗೆಯುವ ವಿಧಾನಕ್ಕಿಂತ ವೇಗವೇ ಮುಖ್ಯವೆಂದು 1996ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿತು. ಚಾಕು ಹುಡುಕುತ್ತಾ ಹೋಗದೆ ಉಗುರಿನಿಂದಲೇ ಕಿತ್ತುಹಾಕಿ.

ಆ ಜಾಗ ಬಿಟ್ಟು ದೂರ ಸರಿಯಿರಿ. ಜೇನು ಕುಟುಕಿದಾಗ ಹೊರಬೀಳುವ ವಾಸನೆ ಉಳಿದ ನೊಣಗಳಿಗೆ ಯುದ್ಧದ ಕರೆ. ಕೈಗೆ ಕುಟುಕಿದ್ದರೆ ಉಂಗುರ, ಬಳೆಗಳನ್ನು ಊತ ಏರುವ ಮೊದಲೇ ತೆಗೆದುಬಿಡಿ. ಸೋಪು ನೀರಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಅಥವಾ ತಣ್ಣೀರ ಪಟ್ಟಿಯನ್ನು ಹತ್ತು ಹದಿನೈದು ನಿಮಿಷ ಇಡಿ. ನೋವಿಗೆ ಪ್ಯಾರಾಸೆಟಮಾಲ್, ನವೆಗೆ ಸೆಟಿರಿಝಿನ್ ಅಥವಾ ಕ್ಯಾಲಮೈನ್ ದ್ರಾವಣ ಸಾಕು. ಮಕ್ಕಳಿಗೆ ಮಾತ್ರೆಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಿ. ಮೊದಲ ಒಂದೆರಡು ಗಂಟೆ ರೋಗಿಯ ಮೇಲೆ ಒಂದು ಕಣ್ಣಿರಲಿ.

ಸುಣ್ಣ, ಸೀಮೆಎಣ್ಣೆ, ಟೂತ್‌ಪೇಸ್ಟು ಹಚ್ಚುವುದರಿಂದ ಪ್ರಯೋಜನವಿಲ್ಲ. ಸುಣ್ಣ ಚರ್ಮವನ್ನು ಸುಡಬಲ್ಲದು. ಕಬ್ಬಿಣ ಉಜ್ಜುವುದು ನಮ್ಮಲ್ಲಿ ಹಳೆಯ ರೂಢಿ. ಅದರ ತಣ್ಣನೆಯ ಸ್ಪರ್ಶದಿಂದ ಹಿತವೆನಿಸಬಹುದು, ಆದರೆ ತುಕ್ಕು ಹಿಡಿದ ಕಬ್ಬಿಣದಿಂದ ಗಾಯ ಮಾಡಿಕೊಳ್ಳಬೇಡಿ. ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಕಟ್ಟುವುದು ಇವೆಲ್ಲ ಹಾನಿಕರ.

ಬಾಯಿಯೊಳಗೆ, ಗಂಟಲಿಗೆ ಅಥವಾ ಕಣ್ಣುಗುಡ್ಡೆಗೆ ಕುಟುಕಿದರೆ ಅಲರ್ಜಿ ಇಲ್ಲದಿದ್ದರೂ ಆಸ್ಪತ್ರೆಗೆ ಹೋಗಬೇಕು. ಗಂಟಲೊಳಗಿನ ಊತ ಉಸಿರನ್ನೇ ಕಟ್ಟಬಹುದು.

ಹೆಜ್ಜೇನಿನ ಹಿಂಡು ಬಿದ್ದಾಗ

ಹಿಂಡು ಎದ್ದರೆ ಕೈ ಬೀಸುತ್ತಾ ನಿಲ್ಲಬೇಡಿ. ಮುಖ, ತಲೆಯನ್ನು ಟವೆಲ್ಲು ಅಥವಾ ಸೆರಗಿನಿಂದ ಮುಚ್ಚಿಕೊಂಡು ನೇರವಾಗಿ ಓಡಿ, ಯಾವುದಾದರೂ ಕಟ್ಟಡ ಅಥವಾ ವಾಹನದೊಳಗೆ ಸೇರಿ ಬಾಗಿಲು ಹಾಕಿಕೊಳ್ಳಿ. ಕೆರೆಗೆ ಧುಮುಕುವುದು ಬುದ್ಧಿವಂತಿಕೆಯಲ್ಲ. ನೀವು ಉಸಿರಿಗೆ ತಲೆಯೆತ್ತುವವರೆಗೆ ಅವು ಮೇಲೆ ಕಾದಿರುತ್ತವೆ, ಮುಳುಗುವ ಅಪಾಯ ಬೇರೆ.

ವಯಸ್ಕರಿಗೆ ಸುಮಾರು 50ಕ್ಕಿಂತ ಹೆಚ್ಚು ಕುಟುಕಾಗಿದ್ದರೆ, ಮಕ್ಕಳು, ವೃದ್ಧರಿಗೆ ಅದಕ್ಕಿಂತ ಕಡಿಮೆಯಾದರೂ, ಆರಾಮಾಗಿ ಕಂಡರೂ ಆಸ್ಪತ್ರೆಗೆ ಸೇರಿಸಬೇಕು. ವಿಷ ಸ್ನಾಯುಗಳನ್ನೂ ಕೆಂಪು ರಕ್ತಕಣಗಳನ್ನೂ ಒಡೆಯುತ್ತದೆ. ಆ ತ್ಯಾಜ್ಯ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಎರಡು ಮೂರು ದಿನಗಳಲ್ಲಿ ಮೂತ್ರ ಕಡಿಮೆಯಾಗುವುದು, ಕಾಫಿ ಡಿಕಾಕ್ಷನ್‌ನಂತೆ ಕಪ್ಪಗಾಗುವುದು ಇದರ ಲಕ್ಷಣ. ಹಾವಿನ ವಿಷಕ್ಕಿರುವಂತೆ ಜೇನಿನ ವಿಷಕ್ಕೆ ನಮ್ಮಲ್ಲಿ ಪ್ರತಿವಿಷ ಬಳಕೆಯಲ್ಲಿಲ್ಲ. ಆದರೆ ಬೇಗನೆ ಸಲೈನ್ ಕೊಟ್ಟು, ರಕ್ತಪರೀಕ್ಷೆಗಳಿಂದ ಗಮನಿಸುತ್ತಾ, ಬೇಕಾದಲ್ಲಿ ಡಯಾಲಿಸಿಸ್ ಮಾಡಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಇಂಥವರಿಗೆ ಅಂಗಡಿಯಿಂದ ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆ ತಂದು ಕೊಡಬೇಡಿ. ಅದು ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆ.

ತಟ್ಟಿಗೆ ಕಲ್ಲೆಸೆಯುವುದು, ಕೆಳಗೆ ಪಟಾಕಿ ಹಚ್ಚುವುದು, ಹೊಗೆ ಹಾಕುವುದು ದಾಳಿಗೆ ಆಹ್ವಾನ. ಜಾತ್ರೆ, ಹೋಮ, ಶವಸಂಸ್ಕಾರದ ಜಾಗದಲ್ಲಿ ಬೆಂಕಿ ಹಚ್ಚುವ ಮೊದಲು ಮೇಲಿನ ಮರವನ್ನೊಮ್ಮೆ ನೋಡಿ. ಮನೆಯ ಹತ್ತಿರದ ಗೂಡನ್ನು ತೆಗೆಯುವ ಕೆಲಸ ಅನುಭವಿಗಳಿಗೇ ಇರಲಿ.

ಚೇಳಿನ ಮಾತು

ಚೇಳು ಕೀಟವಲ್ಲದಿದ್ದರೂ ಓದುಗರು ಕೇಳುವ ಪ್ರಶ್ನೆಯಾದ್ದರಿಂದ ಎರಡು ಮಾತು. ಕಪ್ಪು ಚೇಳಿನ ಕುಟುಕಿನಲ್ಲಿ ಸಾಮಾನ್ಯವಾಗಿ ನೋವೇ ಪ್ರಧಾನ. ಕೆಂಪು ಚೇಳು ಹೃದಯಕ್ಕೆ ಮಾರಕ, ಅದರಲ್ಲೂ ಮಕ್ಕಳಿಗೆ. ವಾಂತಿ, ಧಾರಾಕಾರ ಬೆವರು, ತಣ್ಣಗಾದ ಕೈಕಾಲು ಕಂಡರೆ ತಡಮಾಡಬಾರದು. ಮಹಾರಾಷ್ಟ್ರದ ಮಹಾಡ್‌ನಲ್ಲಿ ವೃತ್ತಿ ನಡೆಸಿದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಝೋಸಿನ್ ಎಂಬ ಅಗ್ಗದ ಮಾತ್ರೆಯಿಂದ ಇಂತಹ ರೋಗಿಗಳನ್ನು ಉಳಿಸಬಹುದೆಂದು ತೋರಿಸಿಕೊಟ್ಟರು. ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಈ ಮಾತ್ರೆಯನ್ನು ವೈದ್ಯರ ನಿಗಾದಲ್ಲೇ ಕೊಡಬೇಕು.

ಒಮ್ಮೆ ಅಪಾಯ ಕಂಡವರು

ಒಮ್ಮೆ ತೀವ್ರ ಅಲರ್ಜಿ ಆದವರು ಆ ವಿವರವನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಬೇಕು. ತೋಟಕ್ಕೆ ಒಂಟಿಯಾಗಿ ಹೋಗಬಾರದು. ಅಡ್ರಿನಲಿನ್ ಮನೆಯಲ್ಲಿಟ್ಟುಕೊಂಡು ಚುಚ್ಚುವ ವಿಧಾನ ಕಲಿಯುವ ಬಗ್ಗೆ ನಿಮ್ಮ ವೈದ್ಯರೊಡನೆ ಚರ್ಚಿಸಿ. ಆಸ್ಪತ್ರೆ ದೂರವಿರುವ ಹಳ್ಳಿಗರಿಗೆ ಇದು ಬಹಳ ಮುಖ್ಯ. ವಿಷವನ್ನೇ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ, ಮೂರರಿಂದ ಐದು ವರ್ಷಗಳ ಕಾಲ ಚುಚ್ಚುಮದ್ದಾಗಿ ನೀಡಿ ದೇಹವನ್ನು ಪಳಗಿಸುವ ಚಿಕಿತ್ಸೆಯೂ ಇದೆ. ಇದು ಬಹಳ ಪರಿಣಾಮಕಾರಿ. ಎಲ್ಲೆಡೆ ಸಿಗದ ಕಾರಣ ಅಲರ್ಜಿ ತಜ್ಞರಲ್ಲಿ ವಿಚಾರಿಸಬೇಕು. ಆಸ್ತಮಾ ಇರುವವರು, ರಕ್ತದೊತ್ತಡಕ್ಕೆ ಅಟೆನಲಾಲ್, ಮೆಟೊಪ್ರೊಲಾಲ್ ಗುಂಪಿನ ಮಾತ್ರೆ ಸೇವಿಸುವವರಲ್ಲಿ ಅಲರ್ಜಿ ಹೆಚ್ಚು ಉಗ್ರವಾಗಬಹುದು, ಅಡ್ರಿನಲಿನ್ ಸರಿಯಾಗಿ ನಾಟದಿರಬಹುದು. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.

ಕೊನೆಯದಾಗಿ ಒಂದು ಮನೆಕೆಲಸ. ನಿಮ್ಮ ಮನೆ ಅಥವಾ ತೋಟದಿಂದ ಹದಿನೈದು ನಿಮಿಷದಲ್ಲಿ ತಲಪಬಹುದಾದ ಆಸ್ಪತ್ರೆ ಯಾವುದು, ರಾತ್ರಿ ಹೊತ್ತು ಅಲ್ಲಿ ಯಾರಿರುತ್ತಾರೆ, ಅಲ್ಲಿ ಅಡ್ರಿನಲಿನ್ ಇದೆಯೇ ಎಂದು ಈ ವಾರವೇ ವಿಚಾರಿಸಿಟ್ಟುಕೊಳ್ಳಿ. ಇಲ್ಲವೆಂದು ತಿಳಿದರೆ ಇಡುವಂತೆ ಕೇಳಿ. ಅಗತ್ಯ ಬಿದ್ದಾಗ ವಿಚಾರಿಸುತ್ತಾ ಕೂರಲು ಪುರಸೊತ್ತು ಇರುವುದಿಲ್ಲ.